ಬರೀ ಮುಕ್ಕಳಿಸಿದರ ಮುಗೀತೇನ್ರೀ?

ಹಲ್ಲಿನ ಪಾಚಿಗೆ ಔಷಧ ನೀರು ಎಷ್ಟರ ಮಟ್ಟಿಗೆ ಮದ್ದು? ಬಾಟಲಿ ಕೊಳ್ಳುವ ಮುನ್ನ ತಿಳಿಯಬೇಕಾದ ಸಂಗತಿ

ಸೊಲ್ಲಾಪುರ: 'ಹಲ್ಲು ತಿಕ್ಕುವಾಗ ರಕ್ತ ಬರಾಕತ್ತೈತ್ರಿ, ಬಾಯಿ ಮುಕ್ಕಳಿಸೂ ಔಷಧ ಒಂದು ಕೊಡ್ರಿ.'

ಅಕ್ಕಲಕೋಟ, ಜತ್ತ, ದಕ್ಷಿಣ ಸೊಲ್ಲಾಪುರ ಭಾಗದ ಮೆಡಿಕಲ್ ಅಂಗಡಿಗಳಿಗೆ ಇದು ಹೊಸ ಮಾತಲ್ಲ. ಕನ್ನಡದವರು 'ಮುಕ್ಕಳಿಸೂ ಔಷಧ' ಎಂದರೆ ಮರಾಠಿಯವರು 'ಗುಳಣಿ'ಯ ಔಷಧ ಎನ್ನುತ್ತಾರೆ. ಅಂಗಡಿಯವರಿಗೆ ಎರಡೂ ತಿಳಿಯುತ್ತದೆ, ಬಾಟಲಿ ಕೈಗೆ ಬರುತ್ತದೆ. ಆದರೆ ಎಷ್ಟು ಅಳತೆ, ಎಷ್ಟು ದಿನ, ಹಲ್ಲು ತಿಕ್ಕುವ ಮೊದಲೋ ಆಮೇಲೋ ಎಂಬುದನ್ನು ಹೇಳುವವರು ಕಡಿಮೆ. ಬಾಟಲಿಯ ಮೇಲೆ ಬರೆದಿದ್ದರೂ ಅದು ಬಹುತೇಕ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ. ಕನ್ನಡ ಶಾಲೆಯಲ್ಲಿ ಕಲಿತು, ಮರಾಠಿಯಲ್ಲಿ ವ್ಯವಹಾರ ಮಾಡುವ ಗಡಿಭಾಗದ ಅಜ್ಜ-ಅಜ್ಜಿಯರಿಗೆ ಅದು ಇದ್ದೂ ಇಲ್ಲದ ಹಾಗೆ.

ನಾಲ್ಕು ದಿನ ಮುಕ್ಕಳಿಸಿದರೆ ಬಾಯಿಯ ವಾಸನೆ ತಗ್ಗುತ್ತದೆ, ರಕ್ತವೂ ಕಡಿಮೆ ಎನಿಸುತ್ತದೆ. 'ಆರಾಮಾತು' ಎಂದು ಹಲ್ಲಿನ ಡಾಕ್ಟರರ ಕಡೆ ಹೋಗುವುದು ತಪ್ಪುತ್ತದೆ. ಕೆಲವರು ಬ್ರಷ್ಷನ್ನೂ ಮೂಲೆಗೆ ಎಸೆಯುತ್ತಾರೆ. ಆದರೆ ವಸಡಿನ ಕೆಳಗೆ ಸೇರಿದ ಕಿಟ್ಟ ತನ್ನ ಕೆಲಸ ನಿಲ್ಲಿಸಿರುವುದಿಲ್ಲ. ನೋವಿಲ್ಲದೆ, ಸದ್ದಿಲ್ಲದೆ ಹಲ್ಲು ಹಿಡಿದಿರುವ ಎಲುಬು ಕರಗುತ್ತ ಹೋಗುತ್ತದೆ. ಹಲ್ಲು ಅಲುಗಾಡತೊಡಗಿದ ಮೇಲೆ ದವಾಖಾನೆಗೆ ಹೋದರೆ ಎಷ್ಟೋ ಸಲ ಕೀಳಿಸುವುದೊಂದೇ ದಾರಿ ಉಳಿದಿರುತ್ತದೆ.

ಹಾಗಾದರೆ ಬ್ಯಾಕ್ಟೀರಿಯಾ ಕೊಲ್ಲುತ್ತದೆ ಎನ್ನುವ ಈ ಔಷಧ ನೀರು ನಿಜಕ್ಕೂ ಕೊಲ್ಲುತ್ತದೆಯೇ? ಕೊಲ್ಲುತ್ತದೆ. ಆದರೆ ಯಾವುದನ್ನು, ಎಲ್ಲಿಯವರೆಗೆ ಎಂಬುದೇ ಪ್ರಶ್ನೆ.

ಹೌದದ ಗೋಡೆಯ ಲೋಳೆ

ದನ ನೀರು ಕುಡಿಯುವ ಹೌದ ನೋಡಿದವರಿಗೆ ಹಲ್ಲಿನ ಪಾಚಿ ಎಂದರೇನು ಎಂದು ತಿಳಿಸುವುದು ಕಷ್ಟವಲ್ಲ. ನೀರು ತುಂಬಿಸಿ ನಾಲ್ಕು ದಿನ ಬಿಟ್ಟರೆ ಹೌದದ ಒಳಗೋಡೆಗೆ ಜಾರುವ ಲೋಳೆ ಹಿಡಿಯುತ್ತದೆ. ಟಿ.ಸಿ.ಎಲ್. ಪೌಡರ್ ಹಾಕಿದರೆ ನೀರಿನಲ್ಲಿ ತೇಲುವ ಕ್ರಿಮಿಗಳು ಸಾಯುತ್ತವೆ. ಗೋಡೆಯ ಲೋಳೆ ಮಾತ್ರ ಹಾಗೇ ಇರುತ್ತದೆ. ಅದನ್ನು ತೆಗೆಯಬೇಕೆಂದರೆ ತೆಂಗಿನ ನಾರೋ ಕಸಬರಿಗೆಯೋ ಹಿಡಿದು ಒಳಗಿಳಿದು ತಿಕ್ಕಲೇಬೇಕು.

ಬಾಯಿಯಲ್ಲಿ ಆಗುವುದೂ ಇದೇ. ಹಲ್ಲು ಸ್ವಚ್ಛ ತಿಕ್ಕಿದ ಕೆಲವೇ ನಿಮಿಷಗಳಲ್ಲಿ ಜೊಲ್ಲಿನಲ್ಲಿರುವ ಪ್ರೋಟೀನುಗಳು ಹಲ್ಲಿನ ಮೇಲೆ ತೆಳ್ಳನೆಯ ಪೊರೆ ಕಟ್ಟುತ್ತವೆ. ಆ ಪೊರೆಗೆ ಮೊದಲು ಬಂದು ಅಂಟುವುದು ಸ್ಟ್ರೆಪ್ಟೊಕಾಕಸ್ ಜಾತಿಯ ದುಂಡನೆಯ ಬ್ಯಾಕ್ಟೀರಿಯಾ. ಅವುಗಳ ಬೆನ್ನಿಗೆ ಇನ್ನೊಂದು ಜಾತಿ, ಅದರ ಬೆನ್ನಿಗೆ ಮತ್ತೊಂದು. ಮನುಷ್ಯರ ಬಾಯಿಗಳಲ್ಲಿ ಇದುವರೆಗೆ ಗುರುತಿಸಿರುವ ಬ್ಯಾಕ್ಟೀರಿಯಾ ಜಾತಿಗಳು 700ಕ್ಕೂ ಹೆಚ್ಚು. ಎಲ್ಲವೂ ಕೆಟ್ಟವಲ್ಲ. ಆದರೆ 1924ರಲ್ಲಿ ಕಿಲಿಯನ್ ಕ್ಲಾರ್ಕ್ ಎಂಬ ವಿಜ್ಞಾನಿ ಹುಳುಕು ಹಲ್ಲಿನಿಂದ ಬೇರ್ಪಡಿಸಿದ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್‌ನಂಥವು ನಾವು ತಿಂದ ಸಕ್ಕರೆಯನ್ನೇ ಬಳಸಿ ಅಂಟು ತಯಾರಿಸುತ್ತವೆ. ಆ ಅಂಟಿನೊಳಗೆ ಬ್ಯಾಕ್ಟೀರಿಯಾಗಳು ಪದರ ಪದರವಾಗಿ ಮನೆ ಕಟ್ಟಿಕೊಳ್ಳುತ್ತವೆ. ಇದೇ ಪಾಚಿ. ಬೆಳಗ್ಗೆ ಎದ್ದಾಗ ನಾಲಿಗೆಗೆ ಹಲ್ಲು ಒರಟು ಒರಟಾಗಿ ತಾಕುವುದು ಇದರಿಂದಲೇ.

ಹಾಗೇ ಬಿಟ್ಟರೆ ಈ ಪಾಚಿಗೆ ಜೊಲ್ಲಿನ ಸುಣ್ಣದ ಅಂಶ ಸೇರಿ ಕೆಲವೇ ದಿನಗಳಲ್ಲಿ ಕಲ್ಲಿನಂತೆ ಗಟ್ಟಿಯಾಗುತ್ತದೆ. ಅದು ಕಿಟ್ಟ, ಕೆಲವರು ಹಲ್ಲಿನ ಗಾರೆ ಎನ್ನುತ್ತಾರೆ. ಒಮ್ಮೆ ಗಾರೆಯಾಯಿತೆಂದರೆ ಬ್ರಷ್ಷಿಗೂ ಬಗ್ಗುವುದಿಲ್ಲ, ಔಷಧ ನೀರಿಗೂ ಕರಗುವುದಿಲ್ಲ. ಡಾಕ್ಟರರೇ ಸ್ಕೇಲಿಂಗ್ ಮಾಡಿ ತೆಗೆಯಬೇಕು.

ಬಟ್ಟೆ ವ್ಯಾಪಾರಿ ಕಂಡದ್ದು

ಮುಕ್ಕಳಿಸುವ ನೀರು ಪಾಚಿಯ ಒಳಗೆ ಇಳಿಯುವುದಿಲ್ಲ ಎಂಬುದನ್ನು ಮೊದಲು ಕಂಡವನು ಡಾಕ್ಟರನೂ ಅಲ್ಲ, ಪ್ರೊಫೆಸರನೂ ಅಲ್ಲ. ಆತ ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ, ಹೆಸರು ಆಂಟೋನಿ ವಾನ್ ಲೇವನ್‌ಹುಕ್. ಚಾದರ್, ಟವೆಲ್‌ಗಳ ಊರಾದ ಸೊಲ್ಲಾಪುರದವರಿಗೆ ಈ ಮನುಷ್ಯ ಪರಕೀಯ ಎನಿಸಲಿಕ್ಕಿಲ್ಲ. ಬಟ್ಟೆಯ ನೂಲನ್ನು ಪರೀಕ್ಷಿಸಲು ಭೂತಗನ್ನಡಿ ಬಳಸುವುದು ಆ ವ್ಯಾಪಾರದಲ್ಲಿ ರೂಢಿ. ಲೇವನ್‌ಹುಕ್ ತಾನೇ ಗಾಜು ಉಜ್ಜಿ ಇನ್ನೂ ಬಲವಾದ ಮಸೂರಗಳನ್ನು ಮಾಡಿಕೊಂಡ.

1683ರ ಸೆಪ್ಟೆಂಬರ್‌ನಲ್ಲಿ ಆತ ಲಂಡನ್ನಿನ ರಾಯಲ್ ಸೊಸೈಟಿಗೆ ಒಂದು ಪತ್ರ ಬರೆದ. ತಾನು ದಿನಾ ಬೆಳಗ್ಗೆ ಉಪ್ಪಿನಿಂದ ಹಲ್ಲು ತಿಕ್ಕಿ ನೀರಿನಿಂದ ಮುಕ್ಕಳಿಸುವವನು, ಆದರೂ ಹಲ್ಲುಗಳ ಸಂದಿಯಲ್ಲಿ ಹಿಟ್ಟು ಕಲಸಿದಂಥ ಬಿಳಿ ವಸ್ತು ಉಳಿದಿರುತ್ತದೆ ಎಂದು ಅದರಲ್ಲಿ ತಿಳಿಸಿದ. ಆ ಬಿಳಿ ವಸ್ತುವನ್ನು ಮಸೂರದಡಿ ಇಟ್ಟಾಗ ಓಡಾಡುವ ಸಣ್ಣ ಜೀವಿಗಳು ಕಂಡವು. ತನ್ನ ಬಾಯೊಳಗಿನ ಜೀವಿಗಳ ಲೆಕ್ಕ ತನ್ನ ದೇಶದ ಜನರ ಲೆಕ್ಕಕ್ಕಿಂತ ದೊಡ್ಡದು ಎಂದೂ ಆತನಿಗೆ ಅನಿಸಿತು.

ಆತ ಅಲ್ಲಿಗೇ ಬಿಡಲಿಲ್ಲ. ವಿನೆಗರ್‌ನಿಂದ ಬಾಯಿ ಮುಕ್ಕಳಿಸಿ ಮತ್ತೆ ನೋಡಿದ. ಹಲ್ಲಿನ ಮೇಲಿದ್ದ ಪಾಚಿಯಲ್ಲಿ ಜೀವಿಗಳು ಇನ್ನೂ ಓಡಾಡುತ್ತಿದ್ದವು. ಅದೇ ಪಾಚಿಯನ್ನು ಹಲ್ಲಿನಿಂದ ಕಿತ್ತು ತೆಗೆದು ವಿನೆಗರ್‌ನಲ್ಲಿ ಕದಡಿದಾಗ ಮಾತ್ರ ಜೀವಿಗಳು ಸತ್ತವು. ವಿನೆಗರ್ ಹೊರಗಿನವನ್ನು ಕೊಂದಿತು, ಒಳಗಿನವನ್ನು ಮುಟ್ಟಲಿಲ್ಲ ಎಂಬ ತೀರ್ಮಾನಕ್ಕೆ ಆತ ಬಂದ. ಗಂಟು ಬಿದ್ದ ನೂಲಿನ ಲಡಿಯನ್ನು ಬಣ್ಣದಲ್ಲಿ ಅದ್ದಿದರೆ ಗಂಟಿನ ಒಳಗೆ ಬಿಳಿಯಾಗಿಯೇ ಉಳಿಯುವುದಿಲ್ಲವೇ, ಹಾಗೆ.

ಇದಾಗಿ ಮೂರು ಶತಮಾನದ ನಂತರ, 2001ರಲ್ಲಿ, ಅದೇ ದೇಶದ ಆಮ್‌ಸ್ಟರ್‌ಡ್ಯಾಮ್‌ನ ಸಂಶೋಧಕರು ವಿನೆಗರ್ ಬದಲು ಇಂದಿನ ಬಲವಾದ ಔಷಧ ಕ್ಲೋರ್‌ಹೆಕ್ಸಿಡಿನ್ ಹಿಡಿದು, ಆಧುನಿಕ ಸೂಕ್ಷ್ಮದರ್ಶಕದಲ್ಲಿ ಪರೀಕ್ಷೆ ನಡೆಸಿದರು. ಎರಡು ದಿನದಷ್ಟು ಹಳೆಯ ಪಾಚಿಯಲ್ಲಿ ಬ್ಯಾಕ್ಟೀರಿಯಾ ಸತ್ತದ್ದು ಮುಖ್ಯವಾಗಿ ಹೊರಪದರದಲ್ಲಿ. ಬಟ್ಟೆ ವ್ಯಾಪಾರಿಯ ಮಾತು ಸುಳ್ಳಾಗಲಿಲ್ಲ.

ಹನ್ನೆರಡು ಜನ ಹಲ್ಲು ತಿಕ್ಕಲಿಲ್ಲ

ಹಾಗಂತ ಔಷಧ ನೀರು ದಂಡ ಎಂದು ಹೇಳಿದರೆ ಅದೂ ತಪ್ಪಾಗುತ್ತದೆ.

1965ರಲ್ಲಿ ಹೆರಾಲ್ಡ್ ಲೋ ಎಂಬ ದಂತ ವಿಜ್ಞಾನಿ ಮತ್ತು ಸಂಗಡಿಗರು ಡೆನ್ಮಾರ್ಕ್‌ನಲ್ಲಿ ನಡೆಸಿದ ಪರೀಕ್ಷೆ ಹಲ್ಲಿನ ವೈದ್ಯಶಾಸ್ತ್ರದಲ್ಲಿ ಇಂದಿಗೂ ಪ್ರಸಿದ್ಧ. ವಸಡು ಆರೋಗ್ಯವಾಗಿದ್ದ 12 ಜನರಿಗೆ ಹಲ್ಲು ತಿಕ್ಕುವುದನ್ನು ಪೂರ್ತಿ ಬಿಡಲು ಹೇಳಿದರು. 10ರಿಂದ 21 ದಿನಗಳೊಳಗೆ ಎಲ್ಲರ ವಸಡೂ ಕೆಂಪಾಗಿ ಊದಿಕೊಂಡಿತು. ಮತ್ತೆ ಹಲ್ಲು ತಿಕ್ಕಲು ಶುರು ಮಾಡಿದ ಮೇಲೆ ಸುಮಾರು ಒಂದು ವಾರದಲ್ಲಿ ವಸಡು ಮೊದಲಿನಂತಾಯಿತು. ವಸಡಿನ ಉರಿಗೆ ಮೂಲ ಪಾಚಿಯೇ, ಪಾಚಿ ತೆಗೆದರೆ ವಸಡು ತಾನಾಗಿ ಸುಧಾರಿಸುತ್ತದೆ ಎಂಬುದು ಇದರಿಂದ ಖಚಿತವಾಯಿತು. ವಯಸ್ಸಾಯಿತು, ಹಣೆಬರಹ ಎಂದು ಕೈಚೆಲ್ಲಿ ಕೂರುವವರು ಇದನ್ನು ಗಮನಿಸಬೇಕು.

1970ರಲ್ಲಿ ಲೋ ಮತ್ತು ಸ್ಕಿಯೊಟ್ ಎಂಬ ಮತ್ತೊಬ್ಬ ಸಂಶೋಧಕ ಇದೇ ಪರೀಕ್ಷೆಗೆ ಔಷಧ ಸೇರಿಸಿದರು. ಹಲ್ಲು ತಿಕ್ಕುವಂತಿಲ್ಲ, ಆದರೆ ಶೇ 0.2ರ ಕ್ಲೋರ್‌ಹೆಕ್ಸಿಡಿನ್ ನೀರನ್ನು 10 ಮಿ.ಲೀ.ನಂತೆ ದಿನಕ್ಕೆ ಎರಡು ಸಲ ಮುಕ್ಕಳಿಸಬೇಕು. ಪಾಚಿ ಬಹುಮಟ್ಟಿಗೆ ಕಟ್ಟಲೇ ಇಲ್ಲ. ಕ್ಲೋರ್‌ಹೆಕ್ಸಿಡಿನ್‌ಗೆ ಹಲ್ಲಿನ ಔಷಧಗಳಲ್ಲಿ ದೊಡ್ಡ ಹೆಸರು ಬಂದದ್ದು ಅಲ್ಲಿಂದ.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಇಂಥ ಪರೀಕ್ಷೆಗಳಲ್ಲಿ ಮೊದಲು ಹಲ್ಲನ್ನು ಪೂರ್ತಿ ಸ್ವಚ್ಛ ಮಾಡಿಯೇ ಶುರು ಮಾಡುತ್ತಾರೆ. ಸ್ವಚ್ಛ ಹಲ್ಲಿನ ಮೇಲೆ ಹೊಸ ಪಾಚಿ ಕಟ್ಟದಂತೆ ತಡೆಯುವುದು ಬೇರೆ, ಕಟ್ಟಿ ಕುಳಿತ ಪಾಚಿಯನ್ನು ಕೀಳುವುದು ಬೇರೆ. ಮೊದಲನೆಯದರಲ್ಲಿ ಈ ಔಷಧ ಶೂರ, ಎರಡನೆಯದರಲ್ಲಿ ಸೋಲುತ್ತದೆ. ಮೆಡಿಕಲ್ ಅಂಗಡಿಯಿಂದ ಬಾಟಲಿ ಒಯ್ಯುವವರ ಬಾಯಿಯಲ್ಲಿ ಇರುವುದು ಬಹುತೇಕ ಎರಡನೆಯ ಸ್ಥಿತಿ.

ಅಂಗಡಿಯಲ್ಲಿ ಸಿಗುವುದು ಏನೇನು?

ಬಾಟಲಿಯ ಬಣ್ಣ, ಹೆಸರು ನೂರಾರು ಇದ್ದರೂ ಬ್ಯಾಕ್ಟೀರಿಯಾ ಕೊಲ್ಲುವ ನೀರು ಮುಖ್ಯವಾಗಿ ಮೂರು ಬಗೆ.

ಮೊದಲನೆಯದು ಕ್ಲೋರ್‌ಹೆಕ್ಸಿಡಿನ್. ಚರ್ಮದ ಗಾಯ ತೊಳೆಯುವ ಔಷಧವಾಗಿ 1954ರಲ್ಲಿ ಇಂಗ್ಲೆಂಡಿನಲ್ಲಿ ಮಾರುಕಟ್ಟೆಗೆ ಬಂದದ್ದು. ಇದರ ಕಣಗಳಿಗೆ ಧನ ವಿದ್ಯುದಂಶ, ಬ್ಯಾಕ್ಟೀರಿಯಾದ ಹೊರಗೋಡೆಗೆ ಋಣ ವಿದ್ಯುದಂಶ. ಹೀಗಾಗಿ ಹೋಗಿ ಅಂಟಿಕೊಂಡು ಗೋಡೆಯನ್ನೇ ಒಡೆಯುತ್ತದೆ. ಹಲ್ಲು ಮತ್ತು ಬಾಯಿಯ ಒಳಚರ್ಮಕ್ಕೂ ಹಿಡಿದುಕೊಂಡು ಹಲವು ತಾಸು ಸ್ವಲ್ಪ ಸ್ವಲ್ಪವೇ ಬಿಡುಗಡೆಯಾಗುತ್ತದೆ. ಉಗುಳಿದ ಮೇಲೂ ಕೆಲಸ ಮಾಡುವ ಈ ಗುಣವೇ ಇದರ ಬಲ. ಶೇ 0.2ರದ್ದಾದರೆ 10 ಮಿ.ಲೀ., ಶೇ 0.12ರದ್ದಾದರೆ 15 ಮಿ.ಲೀ. ಎಂಬುದು ರೂಢಿಯ ಅಳತೆ. ಎರಡರಲ್ಲೂ ಬಾಯಿಗೆ ಸೇರುವ ಔಷಧ ಹೆಚ್ಚು ಕಡಿಮೆ ಅಷ್ಟೇ.

ಎರಡನೆಯದು ಸಿಟೈಲ್‌ಪಿರಿಡಿನಿಯಂ ಕ್ಲೋರೈಡ್, ಚಿಕ್ಕದಾಗಿ ಸಿ.ಪಿ.ಸಿ. ಇದೂ ಅದೇ ರೀತಿ ಅಂಟಿ ಕೊಲ್ಲುತ್ತದೆ. ಆದರೆ ಬಾಯಿಯಲ್ಲಿ ಅಷ್ಟು ಹೊತ್ತು ನಿಲ್ಲುವುದಿಲ್ಲ. ಹೀಗಾಗಿ ಪರಿಣಾಮವೂ ಕ್ಲೋರ್‌ಹೆಕ್ಸಿಡಿನ್‌ಗಿಂತ ಕಡಿಮೆ.

ಮೂರನೆಯದು ಸುಗಂಧ ತೈಲಗಳ ನೀರು. ಅಜವಾನದಲ್ಲಿ ಇರುವ ಥೈಮಾಲ್, ಪುದೀನದ ಮೆಂಥಾಲ್, ನೀಲಗಿರಿ ಎಣ್ಣೆಯ ಯೂಕಲಿಪ್ಟಾಲ್ ಇತ್ಯಾದಿ ಸೇರಿಸಿ ಮಾಡಿದ್ದು. 1879ರಲ್ಲಿ ಅಮೆರಿಕದ ಜೋಸೆಫ್ ಲಾರೆನ್ಸ್ ಎಂಬಾತ ತಯಾರಿಸಿದ ಲಿಸ್ಟರಿನ್ ಇದರಲ್ಲಿ ಹಳೆಯದು. ದಿನಾ ಹಲ್ಲು ತಿಕ್ಕುವುದರ ಜೊತೆಗೆ ಬಳಸಿದರೆ ಪಾಚಿ ಮತ್ತು ವಸಡಿನ ಉರಿ ಇನ್ನಷ್ಟು ತಗ್ಗುತ್ತದೆ ಎಂದು ಆರು ತಿಂಗಳ ಹಲವು ಅಧ್ಯಯನಗಳು ತೋರಿಸಿವೆ. ಕೆಲವು ಬಾಟಲಿಗಳಲ್ಲಿ ಆಲ್ಕೋಹಾಲ್ ಇರುತ್ತದೆ. ಬಾಯಿ ಹುಣ್ಣು, ಬಾಯಿ ಒಣಗುವ ತೊಂದರೆ ಇದ್ದವರಿಗೆ ಅದು ಉರಿ.

ಇವಲ್ಲದೆ ಬರೀ ಪರಿಮಳಕ್ಕೆ ಇರುವ ನೀರೂ ಮಾರುಕಟ್ಟೆಯಲ್ಲಿದೆ. ಬಾಯಿ ಒಂದು ತಾಸು ಘಮಘಮ ಎನ್ನುತ್ತದೆ, ಅಷ್ಟೇ. ಫ್ಲೋರೈಡ್ ನೀರಿನ ಕೆಲಸವೂ ಬೇರೆ. ಅದು ಹಲ್ಲು ಹುಳುಕಾಗದಂತೆ ಗಟ್ಟಿ ಮಾಡಲು ಇರುವುದು.

51 ಅಧ್ಯಯನಗಳ ಸಾರ

ಒಂದೆರಡು ಪರೀಕ್ಷೆ ನೋಡಿ ಔಷಧದ ಬಗ್ಗೆ ತೀರ್ಪು ಕೊಡಬಾರದು. ಜಗತ್ತಿನ ವೈದ್ಯಕೀಯ ಅಧ್ಯಯನಗಳನ್ನು ಒಟ್ಟು ಮಾಡಿ ಜರಡಿ ಹಿಡಿಯುವ ಕೊಕ್ರೇನ್ ಸಂಸ್ಥೆ 2017ರಲ್ಲಿ ಕ್ಲೋರ್‌ಹೆಕ್ಸಿಡಿನ್ ಮೇಲಿನ 51 ಅಧ್ಯಯನಗಳನ್ನು, ಅಂದರೆ 5,345 ಜನರ ಫಲಿತಾಂಶವನ್ನು ಒಟ್ಟಿಗೆ ನೋಡಿತು.

ಹಲ್ಲು ತಿಕ್ಕುವುದರ ಜೊತೆಗೆ 4ರಿಂದ 6 ವಾರ ಅಥವಾ 6 ತಿಂಗಳು ಬಳಸಿದವರಲ್ಲಿ ಪಾಚಿ ಗಣನೀಯವಾಗಿ ಇಳಿದಿತ್ತು. ಇದರಲ್ಲಿ ಅನುಮಾನವಿಲ್ಲ. ವಸಡಿನ ಉರಿಯ ವಿಷಯಕ್ಕೆ ಬಂದರೆ ಲೆಕ್ಕ ಬೇರೆ. ಸೊನ್ನೆಯಿಂದ 3ರವರೆಗಿನ ಅಳತೆಯಲ್ಲಿ ಸಿಕ್ಕ ಇಳಿಕೆ ಬರೀ 0.21. ಅದೂ ಮೊದಲೇ ಸ್ವಲ್ಪ ಮಾತ್ರ ತೊಂದರೆ ಇದ್ದವರಲ್ಲಿ. ಚಿಕಿತ್ಸೆಯ ದೃಷ್ಟಿಯಿಂದ ಇದು ಹೇಳಿಕೊಳ್ಳುವಂಥದ್ದಲ್ಲ ಎಂದು ವರದಿಯೇ ಹೇಳಿತು. ವಸಡು ಹೆಚ್ಚು ಕೆಟ್ಟವರಿಗೆ ಎಷ್ಟು ಪ್ರಯೋಜನ ಎನ್ನಲು ಸಾಕಷ್ಟು ಆಧಾರ ಸಿಗಲಿಲ್ಲ.

ಅಂದರೆ, 'ರಕ್ತ ಬರಾಕತ್ತೈತಿ' ಎಂದು ಬಾಟಲಿ ಕೇಳುವವರಿಗೆ ಯಾವ ಪ್ರಯೋಜನ ಬೇಕಾಗಿದೆಯೋ ಅದರಲ್ಲೇ ಔಷಧ ನೀರಿನ ಕೈ ಸಣ್ಣದು.

ಕೋರ್ಟ್ ಮೆಟ್ಟಿಲು ಹತ್ತಿದ ಜಾಹೀರಾತು

ಮುಕ್ಕಳಿಸಿದರೆ ಸಾಕು ಎಂಬ ಮಾತು ಒಮ್ಮೆ ಅಮೆರಿಕದ ನ್ಯಾಯಾಲಯದವರೆಗೂ ಹೋಗಿತ್ತು. ಹಲ್ಲಿನ ಸಂದಿ ಸ್ವಚ್ಛ ಮಾಡುವ ಫ್ಲಾಸ್ ದಾರದಷ್ಟೇ ಲಿಸ್ಟರಿನ್ ಪರಿಣಾಮಕಾರಿ ಎಂದು ಆಗ ಅದನ್ನು ಮಾರುತ್ತಿದ್ದ ಫೈಜರ್ ಕಂಪನಿ ಜಾಹೀರಾತು ಕೊಟ್ಟಿತು. ಜಾನ್ಸನ್ ಅಂಡ್ ಜಾನ್ಸನ್ ಸಮೂಹದ, ಫ್ಲಾಸ್ ದಾರ ಮಾರುವ ಕಂಪನಿ ದಾವೆ ಹೂಡಿತು. 2005ರ ಜನವರಿಯಲ್ಲಿ ನ್ಯೂಯಾರ್ಕ್‌ನ ಫೆಡರಲ್ ನ್ಯಾಯಾಧೀಶರು ಆ ಜಾಹೀರಾತು ಸುಳ್ಳು ಮತ್ತು ದಾರಿ ತಪ್ಪಿಸುವಂಥದ್ದು ಎಂದು ತೀರ್ಪಿತ್ತರು. ಕಂಪನಿ ಆಧಾರವಾಗಿ ತೋರಿಸಿದ ಅಧ್ಯಯನಗಳಲ್ಲಿ ಇದ್ದವರು ಸಾಧಾರಣ ವಸಡಿನ ಉರಿ ಇದ್ದವರು ಮಾತ್ರ. ಗಂಭೀರ ವಸಡಿನ ರೋಗಕ್ಕೂ, ಹಲ್ಲಿನ ಹುಳುಕಿಗೂ ಆ ಮಾತು ಅನ್ವಯಿಸಲು ಬರುವಂತಿರಲಿಲ್ಲ.

ಮರುವರ್ಷ, 2006ರಲ್ಲಿ, ಫೈಜರ್‌ನ ಆ ವಿಭಾಗವನ್ನು ಜಾನ್ಸನ್ ಅಂಡ್ ಜಾನ್ಸನ್ ಕಂಪನಿಯೇ ಕೊಂಡುಕೊಂಡಿತು. ಜಗಳವಾಡಿದ ದಾರ ಮತ್ತು ನೀರು ಎರಡೂ ಒಂದೇ ಮನೆ ಸೇರಿದವು. ತೀರ್ಪು ಮಾತ್ರ ಹಾಗೇ ಉಳಿಯಿತು.

ಚಹಾ ಕುಡಿಯುವವರೇ ಹುಷಾರು

ಬಲವಾದ ಔಷಧಕ್ಕೆ ತನ್ನದೇ ತೊಂದರೆಗಳೂ ಇರುತ್ತವೆ. ಕ್ಲೋರ್‌ಹೆಕ್ಸಿಡಿನ್ ಕೆಲವು ವಾರ ಬಳಸಿದರೆ ಹಲ್ಲು ಮತ್ತು ನಾಲಿಗೆಯ ಮೇಲೆ ಕಂದು ಕಲೆ ಬೀಳುತ್ತದೆ. ಕಡಕ್ ಚಹಾ, ಕಾಫಿ ಕುಡಿಯುವವರಿಗೆ ಇನ್ನೂ ಹೆಚ್ಚು. ದಿನಕ್ಕೆ ಐದಾರು ಕಪ್ ಚಹಾ ಇಳಿಸುವ ಈ ಭಾಗದಲ್ಲಿ ಇದು ಸಣ್ಣ ಮಾತಲ್ಲ. ಕಲೆ ಬ್ರಷ್ಷಿನಿಂದ ಸುಲಭಕ್ಕೆ ಹೋಗುವುದಿಲ್ಲ, ಡಾಕ್ಟರರಿಂದ ಪಾಲಿಶ್ ಮಾಡಿಸಬೇಕು. ಜೊತೆಗೆ ಕೆಲವರಿಗೆ ನಾಲಿಗೆ ರುಚಿ ತಪ್ಪುತ್ತದೆ, ಕೆಲವರಿಗೆ ಬಾಯಿ ಉರಿ. ಹಲ್ಲಿನ ಮೇಲೆ ಗಾರೆ ಕಟ್ಟುವುದು ಹೆಚ್ಚಾಗುವುದೂ ಉಂಟು. ತೀರ ಅಪರೂಪಕ್ಕೆ ಗಂಭೀರ ಅಲರ್ಜಿಯೂ ಆಗಬಹುದು.

ಇನ್ನೊಂದು ವಿಷಯ ಈಚೆಗೆ ಚರ್ಚೆಗೆ ಬಂದಿದೆ. ನಾಲಿಗೆಯ ಮೇಲಿನ ಕೆಲವು ಬ್ಯಾಕ್ಟೀರಿಯಾ ನಮಗೆ ಉಪಕಾರಿ. ಸೊಪ್ಪು-ತರಕಾರಿಯಲ್ಲಿನ ನೈಟ್ರೇಟನ್ನು ಅವು ಬದಲಾಯಿಸಿ, ರಕ್ತನಾಳ ಸಡಿಲವಾಗಿರಲು ನೆರವಾಗುತ್ತವೆ. 2013ರಲ್ಲಿ ಪ್ರಕಟವಾದ ಲಂಡನ್ನಿನ ಒಂದು ಅಧ್ಯಯನದಲ್ಲಿ 19 ಆರೋಗ್ಯವಂತರು ಒಂದು ವಾರ ಕ್ಲೋರ್‌ಹೆಕ್ಸಿಡಿನ್ ಬಳಸಿದಾಗ ಬಿ.ಪಿ. ಸುಮಾರು 2ರಿಂದ 3.5 ಅಂಶ ಏರಿತ್ತು. ಇದು ಸಣ್ಣ ಅಧ್ಯಯನ, ಇದರಿಂದ ಗಾಬರಿಯಾಗಬೇಕಿಲ್ಲ. ಆದರೆ ಬಾಯಿಯಲ್ಲಿರುವ ಎಲ್ಲವನ್ನೂ ವರ್ಷಗಟ್ಟಲೆ ಕೊಲ್ಲುತ್ತ ಹೋಗುವುದು ಜಾಣತನವಲ್ಲ ಎಂಬುದಕ್ಕೆ ಇಷ್ಟು ಸಾಕು.

ಬೇವಿನ ಕಡ್ಡಿ, ಎಳ್ಳೆಣ್ಣೆ ಮತ್ತು ಮಿಶ್ರಿ

'ನಮ್ಮ ಮುತ್ಯಾ ಬೇವಿನ ಕಡ್ಡಿಲೆ ತಿಕ್ಕತಿದ್ದ, ತೊಂಬತ್ತಕ್ಕೂ ಹಲ್ಲು ಗಟ್ಟಿ ಇದ್ದೂ' ಎನ್ನುವ ಮಾತು ಪ್ರತಿ ಊರಲ್ಲೂ ಇದೆ. ಬೇವಿನ, ಜಾಲಿಯ ಕಡ್ಡಿ ಜಗಿದು ಕುಂಚ ಮಾಡಿ ತಿಕ್ಕುವುದರಲ್ಲಿ ರಸಕ್ಕಿಂತ ದೊಡ್ಡ ಗುಣ ಆ ತಿಕ್ಕುವುದೇ. ಪಾಚಿಯನ್ನು ಕೆದರಿ ತೆಗೆಯುತ್ತದೆ. ಆದರೆ ಒಳಬದಿಗೆ, ಹಿಂದಿನ ದವಡೆಗೆ ಕಡ್ಡಿ ಸರಿಯಾಗಿ ಮುಟ್ಟುವುದು ಕಷ್ಟ. ಗಟ್ಟಿಯಾಗಿ ತಿಕ್ಕಿದರೆ ವಸಡು ಸವೆಯುತ್ತದೆ.

ಎಳ್ಳೆಣ್ಣೆ ಬಾಯಲ್ಲಿ ಹಿಡಿದು ಮುಕ್ಕಳಿಸುವುದು ಆಯುರ್ವೇದದಲ್ಲಿ ಹಳೆಯದು, ಕವಲ, ಗಂಡೂಷ ಎಂದು ಕರೆಯುತ್ತಾರೆ. 2008ರಲ್ಲಿ ಚೆನ್ನೈನ ಸಂಶೋಧಕರು 20 ಹದಿಹರೆಯದ ಹುಡುಗರಲ್ಲಿ ಎಳ್ಳೆಣ್ಣೆ ಮತ್ತು ಕ್ಲೋರ್‌ಹೆಕ್ಸಿಡಿನ್ ಎರಡನ್ನೂ ಹೋಲಿಸಿ ನೋಡಿದರು. ಎರಡರಲ್ಲೂ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಇಳಿದಿತ್ತು, ಕ್ಲೋರ್‌ಹೆಕ್ಸಿಡಿನ್ ಪರಿಣಾಮ ಹೆಚ್ಚು ಸ್ಪಷ್ಟವಾಗಿತ್ತು. ಎಣ್ಣೆ ಮುಕ್ಕಳಿಸುವುದರಿಂದ ಹಾನಿಯಿಲ್ಲ, ಆದರೆ ಅದೂ ಬ್ರಷ್ಷಿನ ಬದಲಿ ಅಲ್ಲ. ಉಪ್ಪು ನೀರೂ ಹಾಗೆಯೇ. ಹಲ್ಲು ಕೀಳಿಸಿದ ಮರುದಿನದಿಂದ ಉಗುರುಬೆಚ್ಚಗಿನ ಉಪ್ಪು ನೀರು ಗಾಯಕ್ಕೆ ಹಿತ. ಪಾಚಿ ತೆಗೆಯುವ ಶಕ್ತಿ ಅದಕ್ಕಿಲ್ಲ.

ಗಡಿಭಾಗದ ನಿಜವಾದ ಚಿಂತೆ ಮಿಶ್ರಿ. ತಂಬಾಕು ಹುರಿದು ಕರ್ರಗೆ ಪುಡಿ ಮಾಡಿ ಹಲ್ಲಿಗೆ ತಿಕ್ಕುವ ಈ ಚಟ ಮಹಾರಾಷ್ಟ್ರದ ಹಳ್ಳಿಗಳ ಹೆಣ್ಣುಮಕ್ಕಳಲ್ಲಿ ಬೇರೂರಿದೆ. ಹಲ್ಲು ತಿಕ್ಕುವ ನೆಪದಲ್ಲಿ ಶುರುವಾಗಿ ದಿನಕ್ಕೆ ಮೂರ್ನಾಲ್ಕು ಸಲಕ್ಕೆ ಏರುತ್ತದೆ. 'ಮಿಶ್ರಿ ಹಚ್ಚದಿದ್ದರ ಕೈಕಾಲು ಓಡೂದಿಲ್ಲ' ಎನ್ನುವುದು ತಂಬಾಕಿನ ನಿಕೋಟಿನ್ ಆಡಿಸುವ ಮಾತು. ಟೂತ್‌ಪೇಸ್ಟ್, ಹಲ್ಲುಪುಡಿಗಳಲ್ಲಿ ತಂಬಾಕು ಬಳಸುವುದನ್ನು ಕೇಂದ್ರ ಸರಕಾರ 1992ರಲ್ಲೇ ನಿಷೇಧಿಸಿದೆ. ಮನೆಯ ತವೆಯ ಮೇಲೆ ಹುರಿಯುವುದನ್ನು ಯಾವ ಕಾನೂನೂ ತಡೆಯಲಾರದು. ಮಿಶ್ರಿ ಹಚ್ಚಿ ಮೇಲೆ ಔಷಧ ನೀರಿನಿಂದ ಮುಕ್ಕಳಿಸಿದರೆ ವಾಸನೆ ಮುಚ್ಚಬಹುದು. ಬಾಯಿ ಕ್ಯಾನ್ಸರಿನ ಅಪಾಯ ಒಂದು ಎಳ್ಳಷ್ಟೂ ಕಡಿಮೆಯಾಗುವುದಿಲ್ಲ. ಬಾಯಿಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರಕ್ಕೂ ಮಾಯದ ಹುಣ್ಣು ಕಂಡರೆ ಬಾಟಲಿ ಬದಿಗಿಟ್ಟು ಡಾಕ್ಟರರ ಬಳಿ ಹೋಗಬೇಕು.

ಯಾರಿಗೆ ನಿಜವಾಗಿ ಬೇಕು?

ಔಷಧ ನೀರಿಗೆ ತನ್ನ ಜಾಗ ಇದೆ. ವಸಡಿನ ಶಸ್ತ್ರಚಿಕಿತ್ಸೆಯಾಗಿ ಬ್ರಷ್ ಮುಟ್ಟಿಸುವಂತಿಲ್ಲದವರು, ಬೈಕ್ ಅಪಘಾತದಲ್ಲಿ ದವಡೆ ಮುರಿದು ತಂತಿ ಕಟ್ಟಿಸಿಕೊಂಡವರು, ಹಲ್ಲು ಕೀಳಿಸಿಕೊಂಡವರು, ಕೈ ಸ್ವಾಧೀನವಿಲ್ಲದವರು, ಹಾಸಿಗೆ ಹಿಡಿದ ಹಿರಿಯರು. ಇಂಥವರಿಗೆ ಕೆಲವು ದಿನ ಅಥವಾ ವಾರಗಳ ಮಟ್ಟಿಗೆ ಡಾಕ್ಟರರೇ ಕ್ಲೋರ್‌ಹೆಕ್ಸಿಡಿನ್ ಬರೆದುಕೊಡುತ್ತಾರೆ. ಸ್ಕೇಲಿಂಗ್ ಮಾಡಿಸಿದ ಬಳಿಕವೂ ಕೆಲವರಿಗೆ ಕೊಡುವುದುಂಟು. ಆಗ ಹಲ್ಲು ಸ್ವಚ್ಛವಾಗಿರುತ್ತದೆ, ಔಷಧ ತನ್ನ ಪೂರ್ತಿ ಬಲ ತೋರಿಸುತ್ತದೆ.

ಸಕ್ಕರೆ ಕಾಯಿಲೆ ಇದ್ದವರು ಇನ್ನೂ ಎಚ್ಚರ ವಹಿಸಬೇಕು. ಸಕ್ಕರೆ ಹತೋಟಿ ತಪ್ಪಿದರೆ ವಸಡು ಬೇಗ ಕೆಡುತ್ತದೆ, ವಸಡು ಕೆಟ್ಟರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟ. ಇವರು ಬಾಟಲಿ ನಂಬಿ ಆರು ತಿಂಗಳು ಕಳೆದರೆ ನಷ್ಟ ದೊಡ್ಡದು. ಬಸುರಿಯರಲ್ಲಿ ವಸಡು ಊದಿ ರಕ್ತ ಬರುವುದು ಸಾಮಾನ್ಯ. ಅವರಿಗೂ ಮೊದಲ ಮದ್ದು ಮೆತ್ತನೆಯ ಬ್ರಷ್ಷೇ.

ಖರ್ಚಿನ ಲೆಕ್ಕ

ಒಂದು ಸಲಕ್ಕೆ 10 ಮಿ.ಲೀ. ಎಂದರೆ ದಿನಕ್ಕೆ 20 ಮಿ.ಲೀ. 150 ಮಿ.ಲೀ. ಬಾಟಲಿ ಏಳೂವರೆ ದಿನಕ್ಕೆ ಖಾಲಿ. ತಿಂಗಳಿಗೆ ನಾಲ್ಕು, ವರ್ಷಕ್ಕೆ 49 ಬಾಟಲಿ. ಸುಗಂಧ ತೈಲದ ನೀರು ಸಲಕ್ಕೆ 20 ಮಿ.ಲೀ. ಬೇಕು, 250 ಮಿ.ಲೀ. ಬಾಟಲಿ ಆರು ದಿನವೂ ದಾಟಿ ಹೆಚ್ಚು ಬರುವುದಿಲ್ಲ. ಇದು ಒಬ್ಬರದ್ದು, ಮನೆಯಲ್ಲಿ ಐದು ಜನ ಇದ್ದರೆ ಐದು ಪಟ್ಟು.

ಬ್ರಷ್ ಮೂರು ತಿಂಗಳಿಗೆ ಒಂದು, ವರ್ಷಕ್ಕೆ ನಾಲ್ಕು. 49 ಬಾಟಲಿಯ ರೊಕ್ಕದಲ್ಲಿ ನಾಲ್ಕು ಬ್ರಷ್, ಫ್ಲೋರೈಡ್ ಪೇಸ್ಟ್ ಕೊಂಡು, ವರ್ಷಕ್ಕೊಮ್ಮೆ ಸ್ಕೇಲಿಂಗ್ ಮಾಡಿಸಿದರೂ ಕೈಯಲ್ಲಿ ಸ್ವಲ್ಪ ಉಳಿದೀತು. ಸಾಂಗಲಿ, ವಿಜಯಪುರ, ಕಲಬುರಗಿಗಳಲ್ಲಿ ದಂತ ವೈದ್ಯಕೀಯ ಕಾಲೇಜುಗಳಿವೆ. ಅವುಗಳ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಖಾಸಗಿ ದವಾಖಾನೆಗಿಂತ ಕಡಿಮೆ ಖರ್ಚಿನಲ್ಲಿ ಕೆಲಸವಾಗುತ್ತದೆ. ವಿಜಯಪುರ, ಕಲಬುರಗಿಗಳಲ್ಲಿ ಕನ್ನಡದಲ್ಲಿ ತೊಂದರೆ ಹೇಳಿಕೊಳ್ಳಲೂ ಅಡ್ಡಿಯಿಲ್ಲ.

ಬಾಟಲಿ ಒಯ್ದವರು ನೆನಪಿಡಬೇಕಾದ್ದು

* ಮೊದಲು ಹಲ್ಲು ತಿಕ್ಕಿ, ಆಮೇಲೆ ಔಷಧ. ಪಾಚಿ ಕೆದರಿದ ಮೇಲೆಯೇ ನೀರಿಗೆ ಒಳಗೆ ಇಳಿಯಲು ದಾರಿ.
* ಪೇಸ್ಟ್‌ನ ನೊರೆ ಕ್ಲೋರ್‌ಹೆಕ್ಸಿಡಿನ್ ಬಲ ಕುಗ್ಗಿಸುತ್ತದೆ. ತಿಕ್ಕಿದ ಮೇಲೆ ಬಾಯಿ ಚೆನ್ನಾಗಿ ತೊಳೆದು ಕನಿಷ್ಠ ಅರ್ಧ ತಾಸು ಬಿಟ್ಟು ಮುಕ್ಕಳಿಸಬೇಕು.
* ಮುಚ್ಚಳದ ಅಳತೆ ಹಿಡಿದು ಅರ್ಧದಿಂದ ಒಂದು ನಿಮಿಷ ಬಾಯಿ ತುಂಬ ಆಡಿಸಿ ಉಗುಳಬೇಕು, ನುಂಗಬಾರದು. ನೀರು ಬೆರೆಸಬೇಕೋ ಬೇಡವೋ ಎಂಬುದನ್ನು ಡಾಕ್ಟರರ ಬಳಿ ಅಥವಾ ಅಂಗಡಿಯ ಫಾರ್ಮಾಸಿಸ್ಟರ ಬಳಿ ಕೇಳಬೇಕು.
* ಉಗುಳಿದ ಮೇಲೆ ಅರ್ಧ ತಾಸು ಚಹಾ, ಊಟ, ನೀರು ಬೇಡ.
* ಡಾಕ್ಟರರು ಹೇಳಿದಷ್ಟೇ ದಿನ. ಹೇಳದೆ ಎರಡು ವಾರಕ್ಕಿಂತ ಹೆಚ್ಚು ಕ್ಲೋರ್‌ಹೆಕ್ಸಿಡಿನ್ ಬೇಡ.
* ಆರು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು, ನುಂಗಿಬಿಡುತ್ತವೆ.
* ಎರಡು ವಾರ ಸರಿಯಾಗಿ ತಿಕ್ಕಿದರೂ ರಕ್ತ ನಿಲ್ಲದಿದ್ದರೆ ಹಲ್ಲಿನ ಡಾಕ್ಟರರನ್ನು ಕಾಣಬೇಕು.

ಗುಲಾಬಿ ಬಣ್ಣದ ಪಾಠ

ಇದನ್ನೆಲ್ಲ ಮಾತಿನಲ್ಲಿ ಹೇಳುವುದಕ್ಕಿಂತ ಕಣ್ಣಿಗೆ ತೋರಿಸುವ ಒಂದು ಸುಲಭ ದಾರಿ ಇದೆ. ದಂತ ಶಿಬಿರಗಳಲ್ಲಿ ಪಾಚಿ ತೋರಿಸುವ ಬಣ್ಣದ ಗುಳಿಗೆ ಬಳಸುವುದುಂಟು. ಜಗಿದು ಉಗುಳಿದರೆ ಪಾಚಿ ಇದ್ದಲ್ಲೆಲ್ಲ ಹಲ್ಲು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಬೆಳಗ್ಗೆ ತಾನೇ ತಿಕ್ಕಿ ಬಂದ ಹುಡುಗನ ಹಲ್ಲಿನ ಸಂದಿಯಲ್ಲೂ, ವಸಡಿನ ಅಂಚಿನಲ್ಲೂ ಬಣ್ಣ ನಿಲ್ಲುತ್ತದೆ. ಎಷ್ಟು ಮುಕ್ಕಳಿಸಿದರೂ ಹೋಗುವುದಿಲ್ಲ. ಬ್ರಷ್ ಹಿಡಿದು ಎರಡು ನಿಮಿಷ ತಿಕ್ಕಿದರೆ ಹೋಗುತ್ತದೆ.

ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ ತಾಲೂಕುಗಳ ಜಿಲ್ಲಾ ಪರಿಷತ್ ಕನ್ನಡ ಶಾಲೆಗಳಲ್ಲಿ ವರ್ಷಕ್ಕೆ ಒಂದು ದಿನ ಈ ಪಾಠ ನಡೆದರೂ ಸಾಕು. ಒಂದು ಕನ್ನಡಿ, ಒಂದಿಷ್ಟು ಗುಳಿಗೆ, ತಲೆಗೊಂದು ಬ್ರಷ್ ಇದ್ದರೆ ಆಯಿತು. ಮನೆಗೆ ಹೋದ ಮಗು ಅದನ್ನು ಆಯಿಗೆ, ಮುತ್ಯಾಗೆ ಹೇಳುತ್ತದೆ. ಔಷಧ ಅಂಗಡಿಯವರೂ ಬಾಟಲಿ ಕೊಡುವಾಗ 'ಮೊದಲು ತಿಕ್ಕರಿ, ಆಮ್ಯಾಲ ಮುಕ್ಕಳಿಸ್ರಿ, ರಕ್ತ ನಿಲ್ಲದಿದ್ದರ ಡಾಕ್ಟರ್‌ಗೆ ತೋರಿಸ್ರಿ' ಎಂದು ಕನ್ನಡದಲ್ಲೋ ಮರಾಠಿಯಲ್ಲೋ ಒಂದು ಮಾತು ಹೇಳಿದರೆ, ಇಂಗ್ಲಿಷ್ ಓದಲು ಬಾರದ ಗಿರಾಕಿಯ ಎಷ್ಟೋ ಹಲ್ಲು ಉಳಿದಾವು.